ಸರ್ವರ್ ತುಂಬಿಸುವ ಲಾಗ್ ಫೈಲ್: ಅಳಿಸುವ ಮೊದಲು ತಿಳಿದಿರಬೇಕಾದ್ದು

ಯಲ್ಲದಕೆರೆ: ಹಬ್ಬದ ಹಿಂದಿನ ದಿನ, ಅಂಗಡಿ ತುಂಬಾ ಗಿರಾಕಿಗಳು. ಕರೆಂಟ್ ಇದೆ, ನೆಟ್ ಇದೆ, ಆದ್ರೂ ಬಿಲ್ ಹೋಗ್ತಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಬೈಯುವುದು ನೆಟ್‌ವರ್ಕ್‌ಗೆ. ಆದರೆ ಕೆಲವೊಮ್ಮೆ ತೊಂದರೆ ಇರುವುದು ಸರ್ವರ್ ಒಳಗೆ. ಅಲ್ಲಿನ ಲಾಗ್ ಫೈಲ್ ಬೆಳೆದು ಬೆಳೆದು ಡಿಸ್ಕ್ ಪೂರ್ತಿ ತುಂಬಿರುತ್ತದೆ. ಹೊಸ ಬಿಲ್ ಬರೆಯಲು ಜಾಗವೇ ಉಳಿದಿರುವುದಿಲ್ಲ.

ಲಾಗ್ ಫೈಲ್ ಅಂದರೇನು?

ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು, ಯಾವ ಬಿಲ್ ಹೋಯಿತು, ಎಲ್ಲಿ ತಪ್ಪಾಯಿತು ಎಂಬುದನ್ನೆಲ್ಲ ಸರ್ವರ್ ಸಾಲು ಸಾಲಾಗಿ ಬರೆದಿಡುತ್ತದೆ.

ಲೆಕ್ಕ ಹೀಗಿದೆ: ಒಂದು ಸಾಲಿಗೆ 200 ಬೈಟ್ ಎಂದುಕೊಂಡರೆ, ದಿನಕ್ಕೆ 1 ಲಕ್ಷ ಸಾಲಿಗೆ 20 ಎಂಬಿ. ಇದು ದೊಡ್ಡದಲ್ಲ. ಆದರೆ ದೋಷ ಹುಡುಕಲೆಂದು ‘ಡೀಬಗ್’ ಹಂತ ಆನ್ ಮಾಡಿ ಮರೆತರೆ, ಒಂದು ಸಾಲಿನ ಜಾಗದಲ್ಲಿ 50 ಸಾಲು ಬೀಳಬಹುದು. ಆಗ ದಿನಕ್ಕೆ 1 ಜಿಬಿ. 40 ಜಿಬಿ ಖಾಲಿ ಜಾಗ 40 ದಿನಕ್ಕೆ ಖಲಾಸ್.

ಡಿಲೀಟ್ ಮಾಡಿದರೆ ಸಾಲದೇ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಲಿನಕ್ಸ್ ಸರ್ವರ್‌ನಲ್ಲಿ ಚಾಲನೆಯಲ್ಲಿರುವ ತಂತ್ರಾಂಶ ಫೈಲನ್ನು ತೆರೆದೇ ಇಟ್ಟುಕೊಂಡಿರುತ್ತದೆ. ಡಿಲೀಟ್ ಮಾಡಿದರೆ ಹೆಸರು ಮಾಯ, ಜಾಗ ಮಾತ್ರ ಬಿಡುಗಡೆ ಆಗುವುದಿಲ್ಲ. ತಂತ್ರಾಂಶ ಆ ಫೈಲನ್ನು ಮುಚ್ಚಿದಾಗ ಅಥವಾ ರೀಸ್ಟಾರ್ಟ್ ಆದಾಗಷ್ಟೇ ಜಾಗ ಸಿಗುತ್ತದೆ. ಅಷ್ಟರಲ್ಲಿ ದಾಖಲೆ ಹೋಗಿರುತ್ತದೆ. ನಾಳೆ ಗಿರಾಕಿ ಬಂದು ‘ದುಡ್ಡು ಕಟ್ ಆಗಿದೆ, ಬಿಲ್ ಬಂದಿಲ್ಲ’ ಅಂದರೆ ತೋರಿಸಲು ಏನೂ ಇರುವುದಿಲ್ಲ.

ಸರಿಯಾದ ಕ್ರಮ

1. ‘ಡಿಎಫ್’ ಕಮಾಂಡ್‌ನಿಂದ ಡಿಸ್ಕ್ ಎಷ್ಟು ತುಂಬಿದೆ, ‘ಡಿಯು’ ಕಮಾಂಡ್‌ನಿಂದ ಯಾವ ಫೋಲ್ಡರ್ ದೊಡ್ಡದು ಎಂದು ನೋಡಬೇಕು.

2. ದೊಡ್ಡ ಫೈಲಿನ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದು, ಜಿಜಿಪ್‌ನಿಂದ ಕುಗ್ಗಿಸಬೇಕು. ಒಂದೇ ತರಹದ ಸಾಲುಗಳಿರುವುದರಿಂದ ಲಾಗ್ ಚೆನ್ನಾಗಿ ಕುಗ್ಗುತ್ತದೆ.

3. ಪ್ರತಿ ಸರಿಯಿದೆ ಎಂದು ಖಚಿತವಾದ ಮೇಲೆ ಮೂಲ ಫೈಲನ್ನು ಅಳಿಸದೆ, ‘ಟ್ರಂಕೇಟ್’ ಕಮಾಂಡ್‌ನಿಂದ ಖಾಲಿ ಮಾಡಬೇಕು.

4. ಡೀಬಗ್ ಹಂತ ಆನ್ ಇದ್ದರೆ ಆಫ್ ಮಾಡಬೇಕು. ಒಂದೇ ದೋಷ ಮತ್ತೆ ಮತ್ತೆ ಬರೆಯಲ್ಪಡುತ್ತಿದ್ದರೆ ಮೊದಲು ಆ ದೋಷವನ್ನೇ ಸರಿಪಡಿಸಬೇಕು.

ಲಾಗ್‌ಗೂ ಬೇಕು ಕೋಡಿ

1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದನ್ನು ತಾಲ್ಲೂಕಿನ ಜನ ನೋಡಿದ್ದಾರೆ. ಹೆಚ್ಚಾದ ನೀರು ಹರಿದುಹೋಗಲು ದಾರಿ ಇದ್ದದ್ದರಿಂದ ಕಟ್ಟೆ ಸುರಕ್ಷಿತ. ಲಾಗ್ ಫೈಲಿಗೆ ಅಂಥ ಕೋಡಿಯೇ ‘ಲಾಗ್‌ರೊಟೇಟ್’. ಹೆಚ್ಚಿನ ಲಿನಕ್ಸ್‌ಗಳಲ್ಲಿ ಇದು ಉಚಿತವಾಗಿ ಸಿಗುತ್ತದೆ. ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಹಳೆಯದನ್ನು ಪಕ್ಕಕ್ಕಿಟ್ಟು, ಕುಗ್ಗಿಸಿ, ನಿಗದಿತ ಸಂಖ್ಯೆ ದಾಟಿದ ಮೇಲೆ ತಾನೇ ತೆಗೆದುಹಾಕುತ್ತದೆ. ಟಾಮ್‌ಕ್ಯಾಟ್‌ನ ‘ಕ್ಯಾಟಲೀನಾ.ಔಟ್’ ಫೈಲಿಗೆ ಇದನ್ನು ಬೇರೆಯಾಗಿ ಹೊಂದಿಸಬೇಕಾಗುತ್ತದೆ.

ಎಷ್ಟು ದಿನ ಇಡಬೇಕು?

ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೇವಾ ಪೂರೈಕೆದಾರರು, ಡೇಟಾ ಸೆಂಟರ್‌ಗಳು, ಕಂಪನಿಗಳು ಹಾಗೂ ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಉಳಿಸಿಕೊಳ್ಳಬೇಕು. ಮೇಲಿನ ಲೆಕ್ಕದಲ್ಲಿ ದಿನಕ್ಕೆ 20 ಎಂಬಿ ಆದರೆ 180 ದಿನಕ್ಕೆ 3.6 ಜಿಬಿ. ಕುಗ್ಗಿಸಿದರೆ ಇನ್ನೂ ಕಡಿಮೆ. ಜಾಗ ಇಲ್ಲ ಎಂಬ ನೆಪಕ್ಕೆ ಇಲ್ಲಿ ಆಸ್ಪದವಿಲ್ಲ.

ಅಂಗಡಿಯವರು ಕೇಳಬೇಕಾದ್ದು

ಬಿಲ್ಲಿಂಗ್ ತಂತ್ರಾಂಶ ಹಾಕಿಕೊಟ್ಟವರಿಗೆ ಮೂರು ಪ್ರಶ್ನೆ: ಲಾಗ್ ತಾನಾಗಿ ಬದಲಾಗುತ್ತದೆಯೇ? ಎಷ್ಟು ದಿನದ್ದು ಉಳಿಯುತ್ತದೆ? ಡಿಸ್ಕ್ ಶೇ 80 ತುಂಬಿದಾಗ ಯಾರಿಗೆ ಮೆಸೇಜ್ ಬರುತ್ತದೆ? ಉತ್ತರ ತಡವರಿಸಿದರೆ ಹಬ್ಬಕ್ಕೆ ಮುಂಚೆಯೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಲಾಗ್‌ನಲ್ಲಿ ಗಿರಾಕಿಗಳ ಮೊಬೈಲ್ ನಂಬರ್ ಇರಬಹುದು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬಾರದು.