ಕಿಯಾರಾ ಎಂದರೆ ಕಾಳವ್ವ!



ಲಿಂಗಂಪಲ್ಲಿಯ ಕೇಳುಗರೊಬ್ಬರು ಬರೆದ ಪತ್ರ ಈ ಸಲದ ಬರಹಕ್ಕೆ ಕಾರಣ. ಅವರ ಮೂಲ ಬೀದರ್ ಕಡೆ. ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ, ತೊಟ್ಟಿಲ ಶಾಸ್ತ್ರ ಹತ್ತಿರ ಬಂದಿದೆ. ಮಗುವಿನ ತಾಯಿಗೆ ‘ಕಿಯಾರಾ’ ಇಷ್ಟ. ಅದು ಐರ್ಲೆಂಡಿನ ಪುರಾತನ ಹೆಸರು ಎಂದು ಎಲ್ಲೋ ಓದಿದ್ದಾರಂತೆ. ಅಜ್ಜಿಗೆ ಮಾತ್ರ ತಮ್ಮ ಅತ್ತೆಯ ಹೆಸರು ‘ಕಾಳವ್ವ’ ಮನೆಯಲ್ಲಿ ಉಳಿಯಬೇಕು. “ಈ ಕಾಲದಲ್ಲಿ ಕಾಳವ್ವ ಅಂತ ಯಾರಾದರೂ ಇಡ್ತಾರೇನ್ರೀ? ನೀವೇ ಹೇಳಿ” ಎಂದು ಪತ್ರ ಮುಗಿದಿದೆ.

ಮನೆಯೊಳಗಿನ ಜಗಳಕ್ಕೆ ತೀರ್ಪು ಹೇಳುವುದು ರೇಡಿಯೋದವರ ಕೆಲಸವಲ್ಲ. ಆದರೆ ಈ ಎರಡು ಹೆಸರುಗಳ ಜಾತಕ ಬಿಡಿಸಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಐರಿಷ್ ಭಾಷೆಯಲ್ಲಿ ‘ಕೀರ್’ ಎಂದರೆ ಕಪ್ಪು. ಕಪ್ಪು ಕೂದಲಿನವಳು, ಕಪ್ಪು ಬಣ್ಣದವಳು ‘ಕೀರ’. ಏಳನೆಯ ಶತಮಾನದಲ್ಲಿ ಈ ಹೆಸರಿನ ಸಂತಳೊಬ್ಬಳು ಅಲ್ಲಿ ಮಠ ಕಟ್ಟಿದ್ದಳು. ಗಂಡು ಮಕ್ಕಳಿಗೆ ಅದೇ ಬೇರಿನಿಂದ ‘ಕೀರಾನ್’, ಅಂದರೆ ಪುಟ್ಟ ಕರಿಯ. ನಮ್ಮ ಕರಿಯಣ್ಣನೇ ಅನ್ನಿ! ಅಲ್ಲಿನ ಕೆರಿ ಜಿಲ್ಲೆಯ ಹೆಸರೂ ‘ಕೀರ್’ ಎಂಬ ಮೂಲಪುರುಷನ ವಂಶದವರಿಂದ ಬಂದದ್ದು. ಈ ‘ಕೀರ’ವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಹಿಗ್ಗಿಸಿದರೆ ‘ಕಿಯಾರಾ’. ನಮ್ಮಲ್ಲಿ ಇದು ಮನೆಮಾತಾದದ್ದು ಸಿನಿಮಾದಿಂದ. 2010ರ ‘ಅಂಜಾನಾ ಅಂಜಾನಿ’ ಹಿಂದಿ ಚಿತ್ರದ ನಾಯಕಿಯ ಹೆಸರು ಕಿಯಾರಾ. ಅದನ್ನು ಮೆಚ್ಚಿ ಆಲಿಯಾ ಅಡ್ವಾಣಿ ಎಂಬ ಹೊಸ ನಟಿ ಕಿಯಾರಾ ಅಡ್ವಾಣಿ ಆದರು. ಮುಂದಿನದು ನಿಮಗೇ ಗೊತ್ತು, ಯಾವ ಶಿಶುವಿಹಾರಕ್ಕೆ ಹೋದರೂ ಒಬ್ಬಳು ಕಿಯಾರಾ ಸಿಗುತ್ತಾಳೆ.

ಇನ್ನೊಂದು ಗೊಂದಲವೂ ಇದೆ. ಇಟಲಿಯಲ್ಲಿ ‘ಕ್ಯಾರಾ’ ಎಂಬ ಹೆಸರಿದೆ, ಅದಕ್ಕೆ ಲ್ಯಾಟಿನ್ನಿನ ‘ಬೆಳಗುವವಳು’ ಎಂಬ ಅರ್ಥ. ಅಸಿಸಿಯ ಸಂತ ಕ್ಲೇರಳ ಹೆಸರು ಅದೇ. ಹಾಗಾಗಿ ಒಂದೇ ಉಲಿಯ ಹೆಸರು ಒಂದು ದೇಶದಲ್ಲಿ ಕತ್ತಲು, ಇನ್ನೊಂದು ದೇಶದಲ್ಲಿ ಬೆಳಕು. ಆದರೆ ನಮ್ಮ ಪತ್ರದ ತಾಯಿ ಐರಿಷ್ ಹೆಸರೇ ಬೇಕು ಎಂದಿದ್ದಾರೆ. ಅಂದಮೇಲೆ ಅತ್ತೆ ಸೊಸೆ ಇಬ್ಬರೂ ಗೊತ್ತಿಲ್ಲದೆ ಒಂದೇ ಹೆಸರಿಗಾಗಿ ಜಗಳವಾಡುತ್ತಿದ್ದಾರೆ! ಕಾಳ ಎಂದರೂ ಕಪ್ಪು ತಾನೇ?

ಕಾಳವ್ವ ಸಣ್ಣ ಹೆಸರೂ ಅಲ್ಲ. ಹನ್ನೆರಡನೆಯ ಶತಮಾನದ ಶರಣ ಉರಿಲಿಂಗಪೆದ್ದಿಯ ಮಡದಿ ಕಾಳವ್ವೆ ಸ್ವತಃ ವಚನಕಾರ್ತಿ. ದಲಿತ ಕುಲದಿಂದ ಬಂದ ಈಕೆ ಹುಟ್ಟಿನ ಮೇಲುಕೀಳನ್ನು ನೇರವಾಗಿ ಪ್ರಶ್ನಿಸಿದವಳು. ಆ ಕಾಲದ ಶರಣೆಯರಲ್ಲಿ ಕಾಳವ್ವೆ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. ಅವರ ಜತೆಗಿದ್ದವರ ಹೆಸರುಗಳನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಆಯ್ದಕ್ಕಿ ಲಕ್ಕಮ್ಮ, ಅಮುಗೆ ರಾಯಮ್ಮ, ಕದಿರ ರೆಮ್ಮವ್ವೆ, ಸತ್ಯಕ್ಕ, ಮುಕ್ತಾಯಕ್ಕ, ಗೊಗ್ಗವ್ವೆ. ಇವರು ಸೇರಿದ್ದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಪತ್ರ ಬರೆದವರ ಬೀದರ್ ಜಿಲ್ಲೆಯಲ್ಲೇ ಇದೆ.

ಅವ್ವ, ಅಕ್ಕ, ಅಮ್ಮ, ಅಬ್ಬೆ. ಕನ್ನಡದ ಹೆಣ್ಣು ಹೆಸರಿನ ಬಾಲದಲ್ಲಿ ಸಾವಿರ ವರ್ಷ ಕುಳಿತಿದ್ದವು ಈ ನಾಲ್ಕು ಮಾತು. ತೊಟ್ಟಿಲಲ್ಲಿ ಮಲಗಿದ ಕೂಸನ್ನೂ ‘ತಾಯಿ’ ಎಂದೇ ಕರೆಯುತ್ತಿದ್ದರು ನಮ್ಮವರು. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡ ತೀರಿಹೋದ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದವಳು ಜಕ್ಕಿಯಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು, ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಚಾಲುಕ್ಯರ ಅಕ್ಕಾದೇವಿ 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಅವಳ ಹೆಸರಿನಲ್ಲಿ ಅಕ್ಕ ಬಾಲದಲ್ಲಿಲ್ಲ, ತಲೆಯಲ್ಲೇ ಇದ್ದಾಳೆ.

ಇವೆಲ್ಲ ದೂರದ ಮಾತಾಯಿತು ಎನ್ನುವಿರಾದರೆ ಲಿಂಗಂಪಲ್ಲಿಯಿಂದ ಕರೀಂನಗರದ ಕಡೆ ಹೋಗಿ ಬನ್ನಿ. ಅಲ್ಲಿ ಗಂಗಾಧರ ಮಂಡಲದ ಕುರ್ಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಅದರ ಬಂಡೆಯ ಮೇಲೆ ಜೈನ ವಿಗ್ರಹಗಳ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯ ಶಾಸನ. ಹತ್ತನೆಯ ಶತಮಾನದ್ದು. ಬರೆಸಿದವನು ಜಿನವಲ್ಲಭ, ನಮ್ಮ ಆದಿಕವಿ ಪಂಪನ ತಮ್ಮ. ಅಣ್ಣ ಆಗ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ. ಅದರ ಕಂದ ಪದ್ಯಗಳಿಂದಾಗಿ ಈ ಶಾಸನ ತೆಲುಗಿನವರಿಗೆ ಬಲು ಹೆಮ್ಮೆ. ನಮಗೆ ಇನ್ನೊಂದು ಕಾರಣವಿದೆ. ಪಂಪನ ತಾಯಿಯ ಹೆಸರು ನಮಗೆ ತಿಳಿದದ್ದು ಈ ಬಂಡೆಯಿಂದ. ಅಬ್ಬಣಬ್ಬೆ. ಅಣ್ಣಿಗೇರಿ ಕಡೆಯ ಜೋಯಿಸ ಸಿಂಘನ ಮನೆತನದ ಹೆಣ್ಣುಮಗಳು. ತಾಯಿ ಎಂಬ ಮಾತು ಆ ಹೆಸರಿನಲ್ಲಿ ಎರಡು ಸಲ ಕೇಳಿಸುತ್ತದೆ, ಗಮನಿಸಿ. ದೊಡ್ಡ ಮಗನ ಕಾವ್ಯ ಓದಿದವರೆಲ್ಲ ಅರಿಕೇಸರಿಯನ್ನು ಬಲ್ಲರು. ತಾಯಿಯನ್ನು ನೆನೆದು ಕಲ್ಲಿಗೆ ಹಾಕಿಸಿದವನು ಚಿಕ್ಕ ಮಗ.

ಹಾಗಾದರೆ ಇಂಥ ಹೆಸರುಗಳಿಗೆ ನಾಚಿಕೆ ಅಂಟಿಕೊಂಡದ್ದು ಯಾವಾಗ? ಇದಕ್ಕೆ ಐರ್ಲೆಂಡಿನ ಕಥೆ ಒಂದು ಕನ್ನಡಿ. ಅಲ್ಲಿ ಆಳುವವರ ಭಾಷೆ ಇಂಗ್ಲಿಷ್. 1831ರಿಂದ ಊರೂರಿಗೆ ಬಂದ ಸರಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. 1864ರಲ್ಲಿ ಹುಟ್ಟು ಸಾವಿನ ನೋಂದಣಿ ಶುರುವಾಯಿತು, ಅದೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ‘ಗ್ರಾನ್ಯ’ ಆಗಿದ್ದ ಹುಡುಗಿ ದಫ್ತರಿನಲ್ಲಿ ಗ್ರೇಸ್ ಆದಳು. ‘ಊನ’ ಎಂಬವಳು ಆಗ್ನೆಸ್ ಅಥವಾ ವಿನಿಫ್ರೆಡ್ ಆದಳು. ‘ಗೊಬ್ನಿಟ್’ ಎಂಬ ಸಂತಳ ಹೆಸರು ಹೊತ್ತವರನ್ನು ಅಬಿಗೇಲ್ ಎಂದು ಬರೆದರು, ಒಂದಕ್ಕೊಂದು ಸಂಬಂಧವೇ ಇಲ್ಲ!

ಎಲ್ಲಕ್ಕಿಂತ ದುಃಖದ ಕಥೆ ಬ್ರಿಜಿಡ್‌ಳದು. ಹಳೆಯ ದೇವತೆಯ ಹೆಸರು, ಆಮೇಲೆ ಕಿಲ್ಡೇರಿನ ಮಹಾಸಂತಳ ಹೆಸರು. ನಮ್ಮಲ್ಲಿ ಯಲ್ಲಮ್ಮ ಇದ್ದ ಹಾಗೆ ಅಲ್ಲಿ ಮನೆಗೊಬ್ಬ ಬ್ರಿಜಿಡ್, ಇಂಗ್ಲಿಷಿನವರ ಬಾಯಲ್ಲಿ ಬ್ರಿಜೆಟ್. 1845ರ ನಂತರದ ಬರಗಾಲದಲ್ಲಿ ಲಕ್ಷಾಂತರ ಜನ ಹಡಗು ಹತ್ತಿದರು. ಅಮೆರಿಕದ ಶ್ರೀಮಂತರ ಮನೆಗಳಲ್ಲಿ ಅಡುಗೆ, ಕಸ ಮುಸುರೆಗೆ ಐರಿಷ್ ಹುಡುಗಿಯರು ಸೇರಿಕೊಂಡರು. ‘ಬ್ರಿಜೆಟ್’ ಎಂದರೆ ಮನೆಗೆಲಸದವಳು ಎಂದಾಯಿತು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ತಟ್ಟೆ ಒಡೆಯುವ ದಡ್ಡಿಯ ಹೆಸರಾಯಿತು. ಪಾಪ, ಎಷ್ಟೋ ಬ್ರಿಜೆಟ್‌ಗಳು ಡೀಲಿಯಾ ಎಂದು ಹೆಸರು ಬದಲಿಸಿಕೊಂಡರು, ಮಕ್ಕಳಿಗೆ ಆ ಹೆಸರಿಡುವುದನ್ನೇ ಬಿಟ್ಟರು. ಹೆಸರಿನ ಸದ್ದಿನಲ್ಲಿ ಏನೂ ಬದಲಾಗಿರಲಿಲ್ಲ, ಕರೆಯುವವರ ಮುಖಭಾವ ಬದಲಾಗಿತ್ತು.

ನಮ್ಮಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ ಅಲ್ಲವೇ? ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ನಿಜಾಮರ ಕಾಲದ ದಫ್ತರಗಳ ಭಾಷೆ ಉರ್ದು, ಅದರಲ್ಲಿ ‘ಳ’ ಅಕ್ಷರವೇ ಇಲ್ಲ. ಕಾಳವ್ವ ಕಾಗದದ ಮೇಲೆ ಕಾಳವ್ವಳಾಗಿ ಉಳಿಯುವುದು ಹೇಗೆ? ಇನ್ನು ಸಿನಿಮಾ, ನಾಟಕಗಳನ್ನು ನೆನಪಿಸಿಕೊಳ್ಳಿ. ನಾಯಕಿ ಯಾವಾಗಲೂ ಸರೋಜ, ಮಾಲತಿ, ಪ್ರಿಯಾ. ನೀರು ತಂದುಕೊಡುವವಳು ನಿಂಗವ್ವ. ಎರಡು ತಲೆಮಾರು ಹೀಗೆ ನೋಡಿದರೆ ಸಾಕು, ನಿಂಗವ್ವನ ಮೊಮ್ಮಗಳು ತನ್ನ ಅಜ್ಜಿಯ ಹೆಸರನ್ನು ಶಾಲೆಯಲ್ಲಿ ಹೇಳುವಾಗ ದನಿ ತಗ್ಗಿಸುತ್ತಾಳೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮೃತ್ಯುವಿನ ಕಣ್ಣು ತಪ್ಪಿಸಲು ತಿಪ್ಪವ್ವ, ಗುಂಡವ್ವ ಎಂದು ಇಡುತ್ತಿದ್ದರು. ಅದರಲ್ಲಿ ಪ್ರೀತಿ ಇದೆ, ಭಯವೂ ಇದೆ. ಆದರೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಸಾಕವ್ವ’ ಎಂದು ಕರೆದದ್ದೂ ಉಂಟು. ಸಾಕು ಎಂದರೆ ಸಲಹು ಎಂದೂ ಅರ್ಥವಾಗುತ್ತದೆ ಎಂದು ಸಮಾಧಾನ ಹೇಳಬಹುದು. ನೆರೆಯ ಮರಾಠಿಯ ‘ನಕುಶಾ’ ಎಂಬ ಹೆಸರಿಗೆ ಆ ಸಮಾಧಾನವೂ ಇಲ್ಲ, ಅದರ ಅರ್ಥ ನೇರವಾಗಿ ‘ಬೇಡವಾದವಳು’. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತವೇ ಸಮಾರಂಭ ಮಾಡಿ ಇಂಥ 285 ಹುಡುಗಿಯರಿಗೆ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಅಂಥ ಹೆಸರು ಅಳಿದರೆ ಅಳಿಯಲಿ. ಕಾಳವ್ವ ಈ ಸಾಲಿನವಳಲ್ಲ ಎಂಬುದಷ್ಟೇ ನನ್ನ ವಾದ.

ಬಿಟ್ಟ ಹೆಸರು ಮತ್ತೆ ಬರುತ್ತದೆಯೇ? ಐರ್ಲೆಂಡಿನಲ್ಲಿ ಬಂದಿದೆ. 1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾದ ಮೇಲೆ ಭಾಷೆಯ ಜತೆ ಹೆಸರುಗಳೂ ಎದ್ದು ಕುಳಿತವು. ‘ಡೀರ್ಡ್ರ’ ಎಂಬುದು ಹಳೆಯ ದುರಂತ ಕಥೆಯ ನಾಯಕಿಯ ಹೆಸರು. ಶತಮಾನಗಳ ಕಾಲ ಅದು ಕಥೆಯಲ್ಲೇ ಇತ್ತು, ಮಗುವಿಗೆ ಇಡುವ ಹೆಸರಾಗಿರಲಿಲ್ಲ. ಯೇಟ್ಸ್, ಸಿಂಗ್ ಇಬ್ಬರೂ ಅವಳ ಮೇಲೆ ನಾಟಕ ಬರೆದ ಮೇಲೆ ಅದು ತೊಟ್ಟಿಲಿಗೆ ಬಂತು. ನಮ್ಮಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಹೊಯ್ಸಳ ರಾಣಿಯ ಹೆಸರನ್ನು ಓದುಗರ ನಾಲಿಗೆಗೆ ತಂದ ಹಾಗೆ. ‘ಸೀರ್ಷಾ’ ಎಂದು ಈಗ ಜನಪ್ರಿಯವಾಗಿರುವ ಹೆಸರಿಗೆ ‘ಸ್ವಾತಂತ್ರ್ಯ’ ಎಂದರ್ಥ. ಅದು ಪುರಾತನವೇ ಅಲ್ಲ, ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ್ದು. 2021ರಲ್ಲಿ ಅಲ್ಲಿ ಹೆಣ್ಣು ಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ‘ಫೀಯಾ’, ಕಾಡು, ಜಿಂಕೆ ಎಂಬ ಅರ್ಥದ ಅಚ್ಚ ಐರಿಷ್ ಮಾತು. ಆ ಬ್ರಿಜಿಡ್? 2023ರಿಂದ ಅವಳ ಹೆಸರಿನಲ್ಲಿ ಇಡೀ ದೇಶಕ್ಕೆ ರಜೆ!

ಹೆಸರುಗಳ ಕೊಡುಕೊಳ್ಳುವಿಕೆ ನಮಗೂ ಅವರಿಗೂ ಹೊಸದಲ್ಲ. ನಮ್ಮ ಮನೆಗಳ ನಿವೇದಿತಾಳನ್ನೇ ನೋಡಿ. 1867ರಲ್ಲಿ ಐರ್ಲೆಂಡಿನ ಡಂಗ್ಯಾನನ್‌ನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಗೆ ಸ್ವಾಮಿ ವಿವೇಕಾನಂದರು 1898ರ ಮಾರ್ಚ್ 25ರಂದು ಕೊಟ್ಟ ಹೆಸರು ಅದು. ಸೋದರಿ ನಿವೇದಿತಾರ ಮೇಲಿನ ಗೌರವದಿಂದಲೇ ಎಷ್ಟೋ ಕನ್ನಡ ಮನೆಗಳಿಗೆ ಆ ಹೆಸರು ಬಂತು. ಇನ್ನೊಬ್ಬ ನಮ್ಮ ಸುರಪುರದ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದು, ಸುರಪುರದ ಆಡಳಿತ ನೋಡಿಕೊಂಡು, ಕೊನೆಗೆ ಡಬ್ಲಿನ್ ಬಳಿ ನೆಲೆಸಿದವನು. 1863ರಲ್ಲಿ ಅವನು ಪ್ರಕಟಿಸಿದ ಕಾದಂಬರಿಯ ಹೆಸರು ‘ತಾರಾ’, ನಾಯಕಿ ತುಳಜಾಪುರದ ಶಾಸ್ತ್ರಿಗಳ ಮಗಳು. ಡಬ್ಲಿನ್‌ನಿಂದ ಸ್ವಲ್ಪ ದೂರದಲ್ಲೇ ಐರ್ಲೆಂಡಿನ ಹಳೆಯ ರಾಜರ ಪಟ್ಟಾಭಿಷೇಕದ ಗುಡ್ಡವಿದೆ, ಇಂಗ್ಲಿಷಿನಲ್ಲಿ ಅದರ ಹೆಸರೂ ‘ತಾರಾ’! ಎರಡಕ್ಕೂ ಬೇರು ಬೇರೆ, ಆದರೆ ಐರ್ಲೆಂಡಿನವರಿಗೂ ಬೀದರಿನವರಿಗೂ ಒಪ್ಪುವ ಹೆಸರು ಬೇಕು ಎನ್ನುವವರು ಇದನ್ನು ಗುರುತು ಹಾಕಿಕೊಳ್ಳಬಹುದು.

ಐರಿಷ್ ಹೆಸರೇ ಆಗಬೇಕು ಎಂದರೆ ಕಾಗುಣಿತಕ್ಕೆ ಸಿದ್ಧರಾಗಿ. ಎನ್, ಐ, ಎ, ಎಂ, ಎಚ್ ಎಂದು ಬರೆದು ಅವರು ‘ನೀವ್’ ಎಂದು ಓದುತ್ತಾರೆ. ಕಾಂತಿ ಎಂಬ ಅರ್ಥದ ಚೆಂದದ ಹೆಸರು. ಆದರೆ ಕನ್ನಡದ ಮನೆಯಲ್ಲಿ “ನೀವ್, ಬಾ ಇಲ್ಲಿ” ಎಂದರೆ ಬಹುವಚನಕ್ಕೂ ಏಕವಚನಕ್ಕೂ ಜಗಳ. ಕೆಲವು ಸ್ವರಗಳ ಮೇಲೆ ಅವರು ಹಾಕುವ ಓರೆಗೆರೆಯನ್ನು ಎಷ್ಟೋ ಕಂಪ್ಯೂಟರುಗಳು ನುಂಗಿಹಾಕುತ್ತವೆ ಎಂದು ಅಲ್ಲಿಯವರಿಗೂ ಸಿಟ್ಟಿದೆ. ನಮ್ಮ ‘ಳ’ದ ಕಷ್ಟವೂ ಅಂಥದೇ. ಇಂಗ್ಲಿಷಿನಲ್ಲಿ ಬರೆದರೆ ಕಾಳವ್ವ ಕಾಲವ್ವ ಆಗುತ್ತಾಳೆ. ಪುಣ್ಯಕ್ಕೆ ಲಿಂಗಂಪಲ್ಲಿಯ ತೆಲುಗು ಬೋರ್ಡುಗಳಲ್ಲಿ ಆ ಅಕ್ಷರ ಭದ್ರವಾಗಿದೆ. ಅಂದಹಾಗೆ ಲಿಂಗಂಪಲ್ಲಿಯ ‘ಪಲ್ಲಿ’ಯೂ ನಮ್ಮ ‘ಹಳ್ಳಿ’ಯೂ ಒಂದೇ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಅಷ್ಟೆ. ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾದಾಗ ಮೊದಮೊದಲು ಎಷ್ಟೋ ಜನ ಮೂಗು ಮುರಿದರು. ಈಗ ರೈಲ್ವೆ ಸ್ಟೇಷನ್ನಿನಲ್ಲಿ ಅದನ್ನು ಕೂಗುವಾಗ ಯಾರೂ ತಿರುಗಿ ನೋಡುವುದಿಲ್ಲ.

ಕಾಳವ್ವ ಎಂದೇ ಇಡಬೇಕಾಗಿಯೂ ಇಲ್ಲ. ನೀಲಮ್ಮನಿಂದ ನೀಲಾ, ಮುಕ್ತಾಯಕ್ಕನಿಂದ ಮುಕ್ತಾ, ಸತ್ಯಕ್ಕನಿಂದ ಸತ್ಯಾ ಎಂದು ಬಾಲ ಕತ್ತರಿಸಿ ಇಡುವವರಿದ್ದಾರೆ. ನನಗೆ ವೈಯಕ್ತಿಕವಾಗಿ ಬಾಲ ಇರುವುದೇ ಇಷ್ಟ, ಆದರೆ ಮೈಕಿನ ಮುಂದೆ ಕೂತವರಿಗೆ ಉದ್ದ ಹೆಸರು ಹೇಳುವುದೇ ಒಂದು ಖುಷಿ, ನನ್ನ ಮಾತು ಲೆಕ್ಕಕ್ಕಿಲ್ಲ. ಹಳೆಯ ಮನೆಗಳಲ್ಲಿ ಇದಕ್ಕೊಂದು ಉಪಾಯವಿತ್ತು. ಮಗುವಿಗೆ ಅಜ್ಜಿಯ ಹೆಸರು ಇಟ್ಟರೂ ಸೊಸೆಯಾದವಳು ಅತ್ತೆಯ ಹೆಸರೆತ್ತಿ ಕರೆಯುವ ಹಾಗಿರಲಿಲ್ಲ. ಅದಕ್ಕೇ ಕಿವಿಯಲ್ಲಿ ಉಸುರುವ ಹೆಸರು ಒಂದು, ಕೂಗುವ ಹೆಸರು ಇನ್ನೊಂದು.

ಪತ್ರ ಬರೆದವರಿಗೆ ಒಂದು ಕೆಲಸದ ಮಾತು. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ಹನ್ನೆರಡು ತಿಂಗಳೊಳಗೆ ಹೋಗಿ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ಹದಿನೈದು ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಅಲ್ಲಿ ಬರೆಸುವ ಅಕ್ಷರ ಅಕ್ಷರವನ್ನೂ ಕಚೇರಿಯಲ್ಲಿ ನಿಂತೇ ಓದಿ ನೋಡಿ. ತೊಟ್ಟಿಲ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಯಾವ ಹೆಸರು ಹೇಳಿದರು ಎಂದು ನಮಗೂ ಒಂದು ಸಾಲು ಬರೆದು ತಿಳಿಸಿ. ಮುಂದಿನ ಕಾರ್ಯಕ್ರಮದಲ್ಲಿ ಆ ಹೆಸರನ್ನು ‘ಳ’ ಇದ್ದರೆ ‘ಳ’ ಸಮೇತ ಓದುತ್ತೇನೆ.