ತಾಯಂದಿರ ಸ್ವ-ಆರೈಕೆ

ಸ್ವ-ಆರೈಕೆ ಎಂದರೆ ತನ್ನ ದೇಹ, ಮನಸ್ಸುಗಳ ಯೋಗಕ್ಷೇಮಕ್ಕಾಗಿ ಮನುಷ್ಯ ದಿನದಿನವೂ ತಾನೇ ಮಾಡಿಕೊಳ್ಳುವ ಕೆಲಸ: ಹೊತ್ತಿಗೆ ಸರಿಯಾಗಿ ಉಣ್ಣುವುದು, ನಿದ್ದೆ ಮಾಡುವುದು, ನಡೆದಾಡುವುದು, ನೋವನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸುವುದು. ಅಮೆರಿಕದ ಶುಶ್ರೂಷಾ ತಜ್ಞೆ ಡೊರೋಥಿಯಾ ಓರೆಮ್ 1971ರಲ್ಲಿ ಪ್ರಕಟಿಸಿದ ಗ್ರಂಥ ಈ ಕಲ್ಪನೆಗೆ ಶಾಸ್ತ್ರದ ರೂಪ ಕೊಟ್ಟಿತು. ಚಿಕ್ಕ ಮಕ್ಕಳ ತಾಯಂದಿರ ವಿಷಯಕ್ಕೆ ಬಂದಾಗ ಇನ್ನೊಂದು ಪ್ರಶ್ನೆ ಮೊದಲು ಏಳುತ್ತದೆ: ಮನೆಮಂದಿಯನ್ನೆಲ್ಲ ನೋಡಿಕೊಳ್ಳುವವಳನ್ನು ನೋಡಿಕೊಳ್ಳುವವರು ಯಾರು?

ಕನ್ನಡನಾಡಿನ ಸಂಪ್ರದಾಯ ಮೊದಲ ಕೆಲವು ತಿಂಗಳ ಮಟ್ಟಿಗೆ ಇದಕ್ಕೆ ಉತ್ತರ ಕೊಟ್ಟಿದೆ. ಅದೇ ಬಾಣಂತನ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿಯಿಂದ ಮಗಳು ಮೂರು ತಿಂಗಳೋ ಐದು ತಿಂಗಳೋ ತನ್ನ ತಾಯಿಯ ಕೈಯಲ್ಲಿ ಮತ್ತೆ ಕೂಸಾಗುತ್ತಾಳೆ. ಮೈಗೆ ಎಣ್ಣೆ ತಿಕ್ಕಿ, ಹಂಡೆಯಿಂದ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ಮಲಗಿಸುತ್ತಾರೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ. ಉತ್ತರ ಕರ್ನಾಟಕದಲ್ಲಾದರೆ ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡೆ. ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬ ಕಟ್ಟುಪಾಡನ್ನು ಮಾತ್ರ ಬಿಡಲೇಬೇಕು. ಹಾಲೂಡಿಸುವವಳಿಗೆ ಬಾಯಾರಿದಾಗಲೆಲ್ಲ ನೀರು ಸಿಗಬೇಕು. ಅದೊಂದನ್ನು ಬಿಟ್ಟರೆ, ಹೆತ್ತವಳು ಬಾಯಿಬಿಟ್ಟು ಕೇಳದೆಯೇ ಅವಳಿಗೆ ವಿಶ್ರಾಂತಿ ಸಲ್ಲಬೇಕೆಂಬ ತಿಳಿವಳಿಕೆ ಈ ಪದ್ಧತಿಯ ದೊಡ್ಡ ಗುಣ. ಕೂಸನ್ನೆತ್ತಿಕೊಂಡು ಗಂಡನ ಮನೆಯ ಹೊಸಿಲು ದಾಟಿದ ದಿನ ಆ ಸಲುಗೆ ಮುಗಿಯುತ್ತದೆ. ಆಮೇಲಿನ ಹತ್ತು ಹದಿನೈದು ವರ್ಷಗಳಿಗೆ ಇಂಥ ಯಾವ ಏರ್ಪಾಡೂ ಇಲ್ಲ.

ಆ ವರ್ಷಗಳ ಲೆಕ್ಕ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರದು 97 ನಿಮಿಷ. ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ.

ಬೆಳಗಿನ ಏಳೂವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಕಣ್ಣುಹಾಯಿಸಿದರೆ ಈ ಅಂಕಿ ಕಣ್ಣಿಗೇ ಕಾಣುತ್ತದೆ. ಮುಚ್ಚಳ ತೆರೆದಿಟ್ಟ ಮೂರು ಟಿಫಿನ್ ಡಬ್ಬಿ, ಕಾವಲಿಯ ಮೇಲೊಂದು ದೋಸೆ, ಮೂಲೆಯಲ್ಲಿ ಕೆನೆಗಟ್ಟಿ ತಣ್ಣಗಾದ ಅರ್ಧ ಲೋಟ ಕಾಫಿ. ಆ ಲೋಟ ಅವಳದು. ಎಲ್ಲರೂ ಹೊರಟ ಮೇಲೆ ಹರಿದುಹೋದ ದೋಸೆಯನ್ನು ನಿಂತುಕೊಂಡೇ ತಿಂದು ಅವಳೂ ಬಸ್ಸಿಗೆ ಓಡುತ್ತಾಳೆ. ಕೂತು ತಿಂಡಿ ತಿನ್ನುವ ಹತ್ತು ನಿಮಿಷವನ್ನು ಸ್ವ-ಆರೈಕೆಯ ಮೊದಲ ಅಭ್ಯಾಸವಾಗಿ ಎಣಿಸುವುದು ಅದಕ್ಕೇ ಸರಿ. ಸ್ಪಾ, ಪ್ರವಾಸಗಳ ಮಾತೆಲ್ಲ ಆಮೇಲಿನದು.

ತಟ್ಟೆಯಲ್ಲಿ ಏನಿದೆ ಎಂಬುದೂ ಮುಖ್ಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಅರ್ಧಕ್ಕೆ ತುಸು ಕಡಿಮೆ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಮಕ್ಕಳ ಮೇಲೆ ರೇಗಾಟ ಇವನ್ನೆಲ್ಲ ಸ್ವಭಾವವೆಂದುಕೊಂಡು ವರ್ಷಗಟ್ಟಲೆ ಸಹಿಸುವವರಿದ್ದಾರೆ, ರಕ್ತಪರೀಕ್ಷೆಯೊಂದರಿಂದ ಕಾರಣ ತಿಳಿಯಬಹುದಾದರೂ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ಸರಕಾರಿ ಕಾರ್ಯಕ್ರಮವಿದೆ. ಆ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ರಾಗಿಯ ವಿಷಯದಲ್ಲಿ ಹಳೆ ಮೈಸೂರಿನ ಅಜ್ಜಿಯರ ಮಾತೇ ಸರಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಅಭ್ಯಾಸ ಬೇರೂರಲು 21 ದಿನ ಸಾಕೆಂಬ ಮಾತು ಚಾಲ್ತಿಯಲ್ಲಿದೆ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ ನಡೆಸಿದ ಅಧ್ಯಯನದಲ್ಲಿ ಈ ಅವಧಿ ಅಂದಾಜು ಲೆಕ್ಕದಲ್ಲಿ 18ರಿಂದ 254 ದಿನಗಳವರೆಗೂ ಹಿಗ್ಗಿತು. ಮಧ್ಯಮಾಂಕ 66 ದಿನ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲವೆಂಬುದೂ ಅದರಲ್ಲೇ ಗೊತ್ತಾಯಿತು. ಮಗುವಿಗೆ ಜ್ವರ ಬಂದು ಇಡೀ ದಿನ ತಲೆಕೆಳಗಾಗುವ ಮನೆಯಲ್ಲಿ ಇದು ನಿಜವಾದ ಸಮಾಧಾನ. ಹೊಸ ಅಭ್ಯಾಸವನ್ನು ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಗಂಟುಹಾಕಿದರೆ ನೆನಪಿಟ್ಟುಕೊಳ್ಳುವ ಹೊರೆಯೂ ಇರದು. ಒಂದು ಉದಾಹರಣೆ: ಹೆರಿಗೆಯ ನಂತರ ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವುದನ್ನು ಎಷ್ಟೋ ಹೆಂಗಸರು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮ ಇದಕ್ಕೆ ಮದ್ದು. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಅದನ್ನು ಮಾಡಬಹುದು. ವಾರಕ್ಕೆ 150 ನಿಮಿಷ ಮೈ ಬಳಲಿಸಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಷರತ್ತನ್ನು 2020ರಲ್ಲಿ ಕೈಬಿಟ್ಟಿತು. ಬಸ್‌ಸ್ಟಾಪಿನಿಂದ ಮನೆವರೆಗಿನ ಬಿರುಸು ನಡಿಗೆಯೂ ಲೆಕ್ಕಕ್ಕೆ ಬಂತು.

ಮನಸ್ಸಿನ ಪಾಡು ಇಷ್ಟು ಸಲೀಸಲ್ಲ. ಹೆತ್ತ ಮೊದಲ ಎರಡು ವಾರ ಅಳು ಬರುವುದು ಸಾಮಾನ್ಯ. ಅದರಾಚೆಗೂ ಮುಂದುವರಿದರೆ ಹೆರಿಗೆಯ ನಂತರದ ಖಿನ್ನತೆಯೇ ಎಂದು ಪರೀಕ್ಷಿಸಬೇಕು. ಅದು ಕಾಯಿಲೆ, ಚಿಕಿತ್ಸೆ ಬೇಡುತ್ತದೆ. ಬಿಸಿ ಕಾಫಿ, ವಾಯುವಿಹಾರಗಳಿಂದ ಕರಗುವಂಥದಲ್ಲ. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬ್ರಿಟಿಷ್ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಪ್ರತಿಪಾದಿಸಿದ ‘ಸಾಕಷ್ಟು ಒಳ್ಳೆಯ ತಾಯಿ’ಯ ಕಲ್ಪನೆಯನ್ನೂ ಇಲ್ಲಿ ನೆನೆಯಬೇಕು: ಮಗು ಬೆಳೆದಂತೆ ತಾಯಿಯಿಂದಾಗುವ ಸಣ್ಣಪುಟ್ಟ ಲೋಪಗಳು ಅದರ ಬೆಳವಣಿಗೆಗೆ ಬೇಕಾದವೇ ಎಂದು ಆತ ವಾದಿಸಿದ.

ಇಷ್ಟೆಲ್ಲದಕ್ಕೂ ಬಿಡುವು ಬೇಕು, ಮತ್ತು ಬಿಡುವು ಇನ್ನೊಬ್ಬರ ಕೈಯಿಂದ ಬರಬೇಕು. 2017ರ ಕಾನೂನು ತಿದ್ದುಪಡಿ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಹೊಲದಲ್ಲಿ, ಪರರ ಮನೆಗಳಲ್ಲಿ ದುಡಿಯುವವರಿಗೆ ಆ ರಜೆ ಸಿಗದು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಮನೆಯೊಳಗೆ ಬಿಡುವು ಕೊಡುವ ಕೆಲಸ ಗಂಡನದು: ಸಂಜೆ ಅರ್ಧ ಗಂಟೆ ಮಗುವನ್ನೆತ್ತಿಕೊಂಡು ಅವನು ಬೀದಿಗಿಳಿದರೆ, ಅಷ್ಟು ಹೊತ್ತು ಅವಳು ಬಾಗಿಲು ಮುಂದೆ ಮಾಡಿ ಮಲಗಬಹುದು.