ಜೋಡಾಟದ ಎರಡನೆಯ ರಂಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಗೆ ಜೋಡಾಟವೆಂದರೇನೆಂದು ನಾವು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಒಂದೇ ಬಯಲಿನಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಯಕ್ಷಗಾನ ಮೇಳ, ಒಂದೇ ರಾತ್ರಿ ಆಟ. ಅನೇಕ ಸಲ ಪ್ರಸಂಗವೂ ಒಂದೇ. ಪ್ರೇಕ್ಷಕನಿಗೆ ಯಾವ ಕಡೆಯ ಚೆಂಡೆ ಹಿತವೆನಿಸಿತೋ ಆ ಕಡೆಗೆ ಅವನು ಸರಿಯುತ್ತಾನೆ. ಬೆಳಗಿನ ಜಾವದ ಹೊತ್ತಿಗೆ ಯಾವ ರಂಗದ ಮುಂದೆ ಜನ ಹೆಚ್ಚು ಉಳಿದಿದ್ದಾರೆ ಎಂಬುದೇ ತೀರ್ಪು. ದೊಡ್ಡ ಮೇಳದ ಪಕ್ಕದಲ್ಲಿ ನಿಂತು ಕುಣಿಯಬೇಕಾದ ಸಣ್ಣ ಮೇಳದ ಕಲಾವಿದನಿಗೆ ಆ ರಾತ್ರಿ ಎಷ್ಟು ಉದ್ದವಾಗಿರುತ್ತದೆಂದು ನೋಡಿದವರೇ ಬಲ್ಲರು.

ಕುಸ್ತಿಯನ್ನು ಟಿಕೆಟ್ಟಿಟ್ಟು ಮಾರಿದವರ ಚರಿತ್ರೆಯೂ ನೂರು ವರ್ಷಗಳ ಒಂದು ಜೋಡಾಟ. ಇಲ್ಲಿ ನಾವು ಹೇಳುತ್ತಿರುವುದು ಜಾತ್ರೆಯ ಜಂಗಿ ಕುಸ್ತಿಯ ಮಾತಲ್ಲ. ನಮ್ಮ ನೆರೆಯ ಹಳಿಯಾಳದ ಕಣದಲ್ಲಿ ಇಂದಿಗೂ ನಡೆಯುವ ಕುಸ್ತಿಗೆ ಮಾಲೀಕನಿಲ್ಲ, ಸಮಿತಿಯಿದೆ. ಅಲ್ಲಿ ಸೋತವನು ನಿಜವಾಗಿ ಸೋಲುತ್ತಾನೆ. ಅಲ್ಲಿಯ ಕ್ರೀಡಾ ವಸತಿ ನಿಲಯದಲ್ಲಿ ಪಟ್ಟು ಕಲಿತ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ರಾಜ್ಯಕ್ಕೆ ಹೆಸರು ತಂದಿದ್ದಾರೆ. ಅದು ಬೇರೆಯದೇ ಲೇಖನದ ವಸ್ತು. ನಮ್ಮ ಮಕ್ಕಳು ಟಿವಿಯಲ್ಲಿ ನೋಡಿ ಹಾಸಿಗೆಯ ಮೇಲೆ ಒಬ್ಬರನ್ನೊಬ್ಬರು ಎತ್ತಿ ಹಾಕುವ ಕುಸ್ತಿಯಿದೆಯಲ್ಲ, ಅದರ ಮಾತು ಇದು. ಉರ್ದು, ಪಂಜಾಬಿ ಬಲ್ಲವರು ಇಂಥದ್ದಕ್ಕೆ ಬಹಳ ಹಿಂದೆಯೇ ‘ನೂರಾ ಕುಸ್ತಿ’ ಎಂಬ ಹೆಸರಿಟ್ಟಿದ್ದಾರೆ. ಗೆಲ್ಲುವವನು ಯಾರೆಂದು ಮೊದಲೇ ಮಾತಾಗಿರುವ ಕುಸ್ತಿ. ಸೋಲು ಗೆಲುವು ನಾಟಕವಾದರೂ ಅದನ್ನು ಆಡಿಸುವ ಕಂಪನಿಗಳ ನಡುವಿನ ಕಾಳಗ ಮಾತ್ರ ಅಪ್ಪಟ ನಿಜ. ಆ ಕಾಳಗದಲ್ಲಿ ನಮ್ಮವರಿಗೆ ಯಾವ ವೇಷ ಸಿಕ್ಕಿತೆಂಬುದು ನಮಗೆ ಮುಖ್ಯ.

ಕಥೆ 1910ರ ಲಂಡನ್ನಿನಿಂದ ಆರಂಭವಾಗಬೇಕು. ಗುಲಾಮ್ ಮುಹಮ್ಮದ್ ಅಂದರೆ ಗಾಮಾ ಪೈಲ್ವಾನ್, ತಮ್ಮ ಇಮಾಂ ಬಕ್ಷ್ ಮೊದಲಾದವರೊಂದಿಗೆ ಅಲ್ಲಿಗೆ ಹೋದರು. ಕರೆದೊಯ್ದವನು ಆರ್.ಬಿ. ಬೆಂಜಮಿನ್ ಎಂಬ ವ್ಯವಸ್ಥಾಪಕ. ಯುರೋಪಿನ ಹೆಸರಾಂತ ಪೈಲ್ವಾನರೂ ಅವರ ದಲ್ಲಾಳಿಗಳೂ ಕಟ್ಟಿಕೊಂಡಿದ್ದ ಕೂಟದಲ್ಲಿ ಹಿಂದೂಸ್ತಾನದ ಕುಳ್ಳ ಪೈಲ್ವಾನನಿಗೆ ಜಾಗವಿರಲಿಲ್ಲ. ಗಾಮಾ ಬಹಿರಂಗ ಸವಾಲು ಹಾಕಬೇಕಾಯಿತು. ಅಮೆರಿಕದ ಡಾಕ್ಟರ್ ರೋಲರ್ ಸವಾಲು ಸ್ವೀಕರಿಸಿ ಮತ್ತೆ ಮತ್ತೆ ನೆಲ ಕಚ್ಚಿದ ಮೇಲೆಯೇ ಬಾಗಿಲು ತೆರೆದದ್ದು. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋನೊಡನೆ ಗಾಮಾರ ಸೆಣಸು. ಜಿಬಿಸ್ಕೋ ಮಾಡಿದ್ದಿಷ್ಟೇ, ಹೊಟ್ಟೆ ಮೇಲಾಗದಂತೆ ನೆಲಕ್ಕೆ ಅಂಟಿಕೊಂಡು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಾಗೆಯೇ ಉಳಿದ. ಚಿತ್ ಮಾಡಲಾಗಲಿಲ್ಲ, ಪಂದ್ಯ ಸಮವೆನಿಸಿತು. ಒಂದು ವಾರದ ನಂತರ, 17ರಂದು, ಮತ್ತೆ ಸೇರಬೇಕಿತ್ತು. ಗಾಮಾ ಬಂದರು, ಜಿಬಿಸ್ಕೋ ಬರಲಿಲ್ಲ.

ಈ ಜಿಬಿಸ್ಕೋನನ್ನು ನಮ್ಮ ಪುಸ್ತಕಗಳು ಇಷ್ಟಕ್ಕೇ ಬಿಟ್ಟುಬಿಡುತ್ತವೆ, ಹೇಡಿಯೆಂದು ನಕ್ಕು ಮುಂದೆ ಹೋಗುತ್ತವೆ. ಆದರೆ ಅವನ ಮುಂದಿನ ಬದುಕು ಕುತೂಹಲಕರ. 1920ರ ದಶಕದ ಅಮೆರಿಕದಲ್ಲಿ ಎಡ್ ‘ಸ್ಟ್ರಾಂಗ್ಲರ್’ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಕುಸ್ತಿಯ ಮಾರುಕಟ್ಟೆಯನ್ನೇ ಹಿಡಿದುಕೊಂಡಿದ್ದರು. ಗಂಟೆಗಟ್ಟಲೆ ಹಿಡಿದು ಕೂರುವ ಹಳೆಯ ಕುಸ್ತಿಯನ್ನು ಚುರುಕಾದ, ಅವಧಿ ಗೊತ್ತಿರುವ ಆಟವಾಗಿ ಮಾರ್ಪಡಿಸಿದವರು ಇವರು. ವೇಯ್ನ್ ಮನ್ ಎಂಬ ಭಾರೀ ದೇಹದ ಫುಟ್‌ಬಾಲ್ ಆಟಗಾರನಿಗೆ ಕುಸ್ತಿಯ ಗಂಧ ಅಷ್ಟಕ್ಕಷ್ಟೇ. ಆದರೂ 1925ರ ಜನವರಿಯಲ್ಲಿ ಅವನನ್ನೇ ಚಾಂಪಿಯನ್ ಮಾಡಿದರು. ಜನ ಬರುತ್ತಿದ್ದರು, ಅಷ್ಟು ಸಾಕಿತ್ತು.

ಎದುರಾಳಿ ಬಣದಲ್ಲಿ ಜೋ ಸ್ಟೆಕರ್ ಎಂಬ ನಿಜವಾದ ಪೈಲ್ವಾನನಿದ್ದ, ಅವನ ಅಣ್ಣ ಟೋನಿಯಿದ್ದ. ಅವರ ಬಳಿ ಇಲ್ಲದ್ದು ಪಟ್ಟ ಮಾತ್ರ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಮನ್‌ನ ಎದುರು ಸೋಲಲು ಒಪ್ಪಿಕೊಂಡು ಕಣಕ್ಕಿಳಿದವನು ನಮ್ಮ ಜಿಬಿಸ್ಕೋ. ವಯಸ್ಸು ನಲವತ್ತೈದು ದಾಟಿತ್ತು. ಮಾತಿನಂತೆ ಸೋಲುವ ಬದಲು ಅವನು ಮನ್‌ನನ್ನು ಹಿಡಿದು ಚಿತ್ ಮಾಡಿದ. ಒಂದಲ್ಲ, ಹಲವು ಸಲ. ಸಾವಿರಾರು ಜನ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವಂತಿರಲಿಲ್ಲ. ಮೇ 30ರಂದು ಸೇಂಟ್ ಲೂಯಿಸ್‌ನಲ್ಲಿ ಅದೇ ಪಟ್ಟವನ್ನು ಅವನು ಜೋ ಸ್ಟೆಕರ್‌ಗೆ ಸೋತುಕೊಟ್ಟ. ದೊಡ್ಡ ಕಂಪನಿಯ ಆಸ್ತಿ ಒಂದೂವರೆ ತಿಂಗಳಿನಲ್ಲಿ ಎದುರು ರಂಗಕ್ಕೆ ಸಾಗಿಹೋಗಿತ್ತು. ನಾಟಕದೊಳಗೆ ನಿಜವಾಗಿ ಕುಸ್ತಿಯಾಡಿ ನಾಟಕದ ಯಜಮಾನನನ್ನೇ ಕೆಡವಿದ ಈ ಪ್ರಸಂಗಕ್ಕೆ ವೃತ್ತಿಕುಸ್ತಿಯ ಚರಿತ್ರೆಯಲ್ಲಿ ಸಾಟಿಯಿಲ್ಲ.

ಅದೇ ಜಿಬಿಸ್ಕೋ 1928ರ ಜನವರಿಯಲ್ಲಿ ಮಹಾರಾಜ ಭೂಪಿಂದರ್ ಸಿಂಗರ ಪಟಿಯಾಲಾಕ್ಕೆ ಬಂದು, ಹದಿನೆಂಟು ವರ್ಷಗಳ ಹಿಂದಿನ ಬಾಕಿ ತೀರಿಸಿಕೊಳ್ಳಲು ಗಾಮಾರೆದುರು ನಿಂತ. ಒಂದು ನಿಮಿಷ ತುಂಬುವ ಮೊದಲೇ ಅವನ ಬೆನ್ನು ಮಣ್ಣಿಗೆ ತಾಗಿತ್ತು. ಅಮೆರಿಕದ ಮಾರುಕಟ್ಟೆಯನ್ನೇ ತಲೆಕೆಳಗು ಮಾಡಿದವನನ್ನು ಮಣ್ಣಿನ ಅಖಾಡ ಅಷ್ಟು ಬೇಗ ಅಳೆದುಬಿಟ್ಟಿತು. ದೇಶ ವಿಭಜನೆಯ ನಂತರ ಗಾಮಾ ಲಾಹೋರಿನಲ್ಲಿ ನೆಲೆಸಿ, ಕಾಯಿಲೆ ಮತ್ತು ಬಡತನದಲ್ಲಿ 1960ರ ಮೇ ತಿಂಗಳಲ್ಲಿ ತೀರಿಕೊಂಡರು. ಕಂಪನಿಗಳು ಕಾಸು ಮಾಡಿಕೊಂಡವು, ಕಂಪನಿಯಿಲ್ಲದವರು ಹೀಗೆ ಹೋದರು.

ಅಮೆರಿಕದಲ್ಲಿ 1948ರಲ್ಲಿ ಪ್ರಾಂತೀಯ ಮಾಲೀಕರೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಈ ಸೀಮೆ ನಿನ್ನದು, ಆ ಸೀಮೆ ನನ್ನದು ಎಂಬ ಒಪ್ಪಂದ. ಒಕ್ಕೂಟಕ್ಕೆ ಸೇರದ ಸಣ್ಣವನ ಹೊಟ್ಟೆಗೆ ಕಲ್ಲು ಬಿತ್ತು. ಅಲ್ಲಿನ ಸರಕಾರ ಏಕಸ್ವಾಮ್ಯ ವಿರೋಧಿ ಕಾನೂನು ತೋರಿಸಿ 1956ರಲ್ಲಿ ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡರೂ ಪದ್ಧತಿ ಪೂರ್ತಿ ಹೋಗಲಿಲ್ಲ. ಅದನ್ನು ಒಡೆದವನು ಸರಕಾರವಲ್ಲ, ಇನ್ನೂ ದೊಡ್ಡ ವ್ಯಾಪಾರಿ. 1982ರಲ್ಲಿ ತಂದೆಯ ಕಂಪನಿಯನ್ನು ಕೊಂಡ ವಿನ್ಸ್ ಮೆಕ್‌ಮಹನ್ ಕೇಬಲ್ ಟಿವಿಯ ಬೆನ್ನೇರಿ ಎಲ್ಲರ ಸೀಮೆಗೂ ನುಗ್ಗಿದ. ಅದೇ ಡಬ್ಲ್ಯುಡಬ್ಲ್ಯುಎಫ್.

ಇಲ್ಲಿ ನಮ್ಮ ಓದುಗರು ತುಸು ನಿಂತು ನೋಡಬೇಕಾದ ವ್ಯಕ್ತಿಯೊಬ್ಬನಿದ್ದಾನೆ. ಹೆಸರು ಹೊಸೇನ್ ಖಸ್ರೋ ವಜೀರಿ, ಇರಾನಿನವನು, ಊರಿನಲ್ಲಿ ಒಳ್ಳೆಯ ಕುಸ್ತಿಪಟು. ಅಮೆರಿಕಕ್ಕೆ ಹೋದ ಮೇಲೆ ಮಿನಿಯಾಪೊಲಿಸ್‌ನ ವರ್ನ್ ಗಾನ್ಯ ಎಂಬ ಮಾಲೀಕನ ಕೈಕೆಳಗೆ ವೃತ್ತಿಕುಸ್ತಿ ಕಲಿತ. 1979ರ ಇರಾನ್ ಕ್ರಾಂತಿ ಮತ್ತು ಒತ್ತೆಯಾಳುಗಳ ಪ್ರಕರಣದ ಸಿಟ್ಟು ಅಮೆರಿಕನ್ನರಲ್ಲಿ ಇನ್ನೂ ಆರಿರಲಿಲ್ಲ. ಕಂಪನಿಗೆ ಬೈಸಿಕೊಳ್ಳುವವನೊಬ್ಬ ಬೇಕಿತ್ತು. ಮುಂಡಾಸು, ಮೀಸೆ, ತುದಿ ಬಾಗಿದ ಜೋಡು, ಕೈಯಲ್ಲಿ ಇರಾನಿನ ಧ್ವಜ. ವಜೀರಿ ‘ಐರನ್ ಶೇಖ್’ ಆದ. 1983ರ ಡಿಸೆಂಬರ್ 26ರಂದು ಅವನಿಗೆ ಪಟ್ಟ ಸಿಕ್ಕಿತು. ನಾಲ್ಕೇ ವಾರದಲ್ಲಿ, 1984ರ ಜನವರಿ 23ರಂದು, ಹಲ್ಕ್ ಹೋಗನ್‌ಗೆ ಅದನ್ನು ಒಪ್ಪಿಸುವುದೂ ಅವನದೇ ಕೆಲಸ. ಹೋಗನ್ ಬಂದದ್ದು ಅದೇ ಗಾನ್ಯನ ಮೇಳದಿಂದ. ಶೇಖ್ ಮುಂದೆ ಅನೇಕ ಸಲ ಹೇಳಿಕೊಂಡ ಪ್ರಕಾರ, ಅಂದಿನ ಪಂದ್ಯಕ್ಕೆ ಮೊದಲು ಅವನ ಹಳೆಯ ಗುರು ಗಾನ್ಯ ಒಂದು ಲಕ್ಷ ಡಾಲರ್ ಕೊಡುತ್ತೇನೆಂದ. ಹೋಗನ್‌ನ ಕಾಲು ಮುರಿದು ಬೆಲ್ಟನ್ನು ಮಿನಿಯಾಪೊಲಿಸ್‌ಗೆ ತಂದುಬಿಡು ಎಂದ. 1925ರ ಪ್ರಸಂಗ ಮತ್ತೊಮ್ಮೆ ಆಡಲು ವೇಷ ಸಿದ್ಧವಾಗಿತ್ತು. ಶೇಖ್ ಒಪ್ಪಲಿಲ್ಲ, ಕೊಟ್ಟ ಮಾತಿನಂತೆ ಬಿದ್ದ. ಹೋಗನ್ ಜಗತ್ಪ್ರಸಿದ್ಧನಾದ. ಗಾನ್ಯನ ಕಂಪನಿ 1991ರ ಹೊತ್ತಿಗೆ ಮುಚ್ಚಿಹೋಯಿತು. ಕಥೆಗೆ ಶೇಖ್‌ನ ಬಾಯಿಮಾತೇ ಆಧಾರ. ಆದರೆ ತೆರೆಯ ಮೇಲೆ ಕಪಟಿಯಾಗಿ ಬೈಸಿಕೊಂಡವನು ತೆರೆಯ ಹಿಂದೆ ಮಾತಿಗೆ ತಪ್ಪದವನೆಂದು ನೆನಪಾಗುವುದು ನಮಗೆ ವಿಶೇಷವಾಗಿ ಕಾಣುತ್ತದೆ. 2023ರ ಜೂನ್‌ನಲ್ಲಿ ಅವನು ತೀರಿಕೊಂಡ.

ವೇಷ ಮಾತ್ರ ತೀರಲಿಲ್ಲ. ಇಟಲಿ ಮೂಲದ ಅಮೆರಿಕನ್ ಹುಡುಗನೊಬ್ಬನಿಗೆ ‘ಮುಹಮ್ಮದ್ ಹಸನ್’ ಎಂದು ಹೆಸರಿಟ್ಟು 2004–05ರಲ್ಲಿ ಅದೇ ಕಂಪನಿ ಕುಣಿಸಿತು. ಮುಸುಕುಧಾರಿಗಳು ಬಂದು ಎದುರಾಳಿಯ ಕತ್ತು ಬಿಗಿಯುವ ದೃಶ್ಯ ಪ್ರಸಾರವಾದದ್ದು 2005ರ ಜುಲೈ 7ರಂದು, ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದ ದಿನ. ಗದ್ದಲವೆದ್ದಿತು, ಪಾತ್ರವನ್ನು ತೆಗೆದರು. ಬರೆದವರು ಉಳಿದರು, ವೇಷ ಕಟ್ಟಿದ ಹುಡುಗ ಮನೆಗೆ ಹೋದ. ದೊಡ್ಡ ಅಂಗಡಿಯಲ್ಲಿ ತೀರ್ಮಾನ ಯಾವಾಗಲೂ ಹೀಗೆಯೇ.

1995ರ ಸೆಪ್ಟೆಂಬರ್‌ನಿಂದ ಅಮೆರಿಕದಲ್ಲಿ ಅಕ್ಷರಶಃ ಜೋಡಾಟವೇ ನಡೆಯಿತು. ಟೆಡ್ ಟರ್ನರ್‌ನ ಡಬ್ಲ್ಯುಸಿಡಬ್ಲ್ಯು ಕಂಪನಿ ಸೋಮವಾರ ರಾತ್ರಿ ಮೆಕ್‌ಮಹನ್‌ನ ಆಟದ ಹೊತ್ತಿಗೇ ತನ್ನ ಆಟವಿಟ್ಟಿತು, ಸತತ 83 ವಾರ ಮುಂದಿತ್ತು. ಆಮೇಲೆ ಎಡವಿತು. 2001ರ ಮಾರ್ಚ್‌ನಲ್ಲಿ ಮೆಕ್‌ಮಹನ್ ಅದನ್ನು ಕೆಲವೇ ಮಿಲಿಯನ್ ಡಾಲರ್‌ಗೆ ಕೊಂಡುಬಿಟ್ಟ. ಫಿಲಡೆಲ್ಫಿಯಾದ ಬಿಂಗೋ ಆಡುವ ಸಭಾಂಗಣದಲ್ಲಿ ಬೆಳೆದ ಇಸಿಡಬ್ಲ್ಯು ಎಂಬ ಸಣ್ಣ ಮೇಳವೂ ಅದೇ ವರ್ಷ ದಿವಾಳಿ. ಬಯಲಿನಲ್ಲಿ ಉಳಿದದ್ದು ಒಂದೇ ರಂಗ.

ಎರಡನೆಯದನ್ನು ಹೂಡಲು ಹೊರಟವರು ಜೆರ್ರಿ ಜಾರೆಟ್ ಮತ್ತು ಮಗ ಜೆಫ್. 2002ರ ಜೂನ್ 19ರಂದು ಟಿಎನ್‌ಎ ಎಂಬ ಕಂಪನಿಯ ಮೊದಲ ಆಟ. ಯಾವ ವಾಹಿನಿಯೂ ಸಮಯ ಕೊಡದ್ದರಿಂದ ವಾರಕ್ಕೊಮ್ಮೆ ಹತ್ತು ಡಾಲರ್ ಕೊಟ್ಟವರಿಗಷ್ಟೇ ತೋರಿಸುವ ಉಪಾಯ. ಕೆಲವೇ ತಿಂಗಳಲ್ಲಿ ಕೈ ಬರಿದಾಗಿ ಪಾಂಡಾ ಎನರ್ಜಿ ಎಂಬ ವಿದ್ಯುತ್ ಕಂಪನಿಗೆ ಹೆಚ್ಚಿನ ಪಾಲು ಮಾರಬೇಕಾಯಿತು. (ಅದೇ ವರ್ಷ ವನ್ಯಜೀವಿ ನಿಧಿಯವರು ಮೊಕದ್ದಮೆಯಲ್ಲಿ ಗೆದ್ದು ದೊಡ್ಡ ಕಂಪನಿಯ ಹೆಸರಿನ ಕೊನೆಯ ಅಕ್ಷರ ಬದಲಿಸುವಂತೆ ಮಾಡಿದ್ದರು. ಆ ನಿಧಿಯ ಗುರುತೂ ಪಾಂಡಾ ಕರಡಿಯೇ. ಕುಸ್ತಿಗೂ ಪಾಂಡಾಕ್ಕೂ ಏನೋ ನಂಟಿರಬೇಕು.) 2010ರಲ್ಲಿ ಟಿಎನ್‌ಎ ಸೋಮವಾರದ ಜೋಡಾಟಕ್ಕೆ ಇಳಿದು, ಕೆಲವೇ ತಿಂಗಳಲ್ಲಿ ಗುರುವಾರಕ್ಕೆ ಹಿಂದೆ ಸರಿಯಿತು.

ಎದುರು ನಿಲ್ಲಲಾಗದಿದ್ದರೆ ಬೇರೆ ಬಯಲು ಹುಡುಕಬೇಕು. ಟಿಎನ್‌ಎ ಹುಡುಕಿದ ಬಯಲು ನಮ್ಮದೇ. ಕಲರ್ಸ್ ವಾಹಿನಿಗಾಗಿ ಪುಣೆಯ ಬಾಲೇವಾಡಿಯ ಬ್ಯಾಡ್ಮಿಂಟನ್ ಸಭಾಂಗಣದಲ್ಲಿ ಚಿತ್ರೀಕರಿಸಿದ ‘ರಿಂಗ್ ಕಾ ಕಿಂಗ್’ 2012ರ ಜನವರಿ 28ರಂದು ಆರಂಭವಾಯಿತು. ಶನಿವಾರ, ಭಾನುವಾರ, ಒಟ್ಟು 26 ಕಂತು. ಪ್ರಚಾರಕ್ಕೆ ಕ್ರಿಕೆಟಿಗ ಹರ್ಭಜನ್ ಸಿಂಗ್. ವಿವರಣೆ ಹಿಂದಿಯಲ್ಲಿ. ಮನೆಯಲ್ಲಿ ದಖನಿ ಆಡುವ ಶಿರಸಿ, ಯಲ್ಲಾಪುರದ ಮಕ್ಕಳಿಗೆ ಇದೊಂದು ಹೊಸ ಸುಖ. ಅಲ್ಲಿಯ ತನಕ ಅವರು ಅಂಡರ್‌ಟೇಕರ್‌ನ ಎತ್ತರ ತೂಕವನ್ನು ಕಾರ್ಡಿನಿಂದ ಬಾಯಿಪಾಠ ಮಾಡಿದ್ದರೇ ಹೊರತು ಇಂಗ್ಲಿಷ್ ಬೈಗುಳದ ಸ್ವಾರಸ್ಯ ಅವರಿಗೆ ದಕ್ಕಿರಲಿಲ್ಲ.

ಕೆಲಸ ಚೆನ್ನಾಗಿಯೇ ಇತ್ತು. ಪರದೇಶದ ದೈತ್ಯರ ನಡುವೆ ಪಂಜಾಬಿನ ಅಮನ್‌ಪ್ರೀತ್ ಸಿಂಗ್ ‘ಮಹಾಬಲಿ ವೀರ’ನಾಗಿ ನಿಂತ. ಕೆನಡಾದ ಪಂಜಾಬಿ ಸೋದರರಿಬ್ಬರು ‘ಬಾಲಿವುಡ್ ಬಾಯ್ಸ್’ ಆಗಿ ಹಾಡಿಗೆ ಕುಣಿಯುತ್ತ ಬಂದು ಜೋಡಿ ಪಟ್ಟ ಗೆದ್ದರು. ‘ಪಠಾಣಿ ಪಟ್ಠಾ’ ಎಂಬೊಬ್ಬನಿದ್ದ. ಖಳರ ಗುಂಪಿಗೆ ‘ಆರ್‌ಡಿಎಕ್ಸ್’ ಎಂದು ಹೆಸರು. 1993ರ ಮುಂಬಯಿಯನ್ನು ಮರೆಯದವರಿಗೆ ಆ ಹೆಸರು ಕೇಳಿ ಕಿವಿ ನೆಟ್ಟಗಾಗುವುದು ಸಹಜ. ಆದರೆ ಆ ಗುಂಪಿನ ಬಹುಪಾಲು ಬಿಳಿಯರೇ, ಮುಂದಾಳು ಕಂಪನಿಯ ಸ್ಥಾಪಕ ಜೆಫ್ ಜಾರೆಟ್‌ನೇ. ಕಪಟಿಯ ವೇಷವನ್ನು ಯಜಮಾನನೇ ಕಟ್ಟಿಕೊಂಡ ಅಪರೂಪದ ಉದಾಹರಣೆ ಇದು. ಮೂವತ್ತು ವರ್ಷ ಶೇಖ್‌ನ ಜೋಡು ನೋಡಿದವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಆದರೂ ಅದು ನಿಲ್ಲಲಿಲ್ಲ. 2012ರ ಏಪ್ರಿಲ್ 4ಕ್ಕೆ ಐಪಿಎಲ್ ಶುರುವಾಯಿತು, ಏಪ್ರಿಲ್ 22ಕ್ಕೆ ರಿಂಗ್ ಕಾ ಕಿಂಗ್ ಮುಗಿಯಿತು. ಎರಡನೆಯ ಸರಣಿ ಬರಲೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಸೋಲಿನ ಮೂಲ ಬೇರೆಡೆಯಿದೆ. ಡಬ್ಲ್ಯುಡಬ್ಲ್ಯುಇ ವರ್ಷವಿಡೀ, ವಾರವಾರ, ಕ್ರೀಡಾ ವಾಹಿನಿಯಲ್ಲಿ ಬರುತ್ತಿತ್ತು. ದಲೀಪ್ ಸಿಂಗ್ ರಾಣಾ, ಅಂದರೆ ಖಲಿ, 2007ರಲ್ಲೇ ಅಲ್ಲಿ ಪಟ್ಟ ಗೆದ್ದಾಗಿತ್ತು. ಮೂರು ತಿಂಗಳು ಬಂದು ಹೋಗುವ ಮೇಳಕ್ಕೆ ಜನ ಮರುಳಾಗಬಹುದು, ಒಗ್ಗಿಕೊಳ್ಳುವುದಿಲ್ಲ. ಶಿರಸಿ ಜಾತ್ರೆಗೆ ಡೇರೆ ಹಾಕುವ ನಾಟಕ ಕಂಪನಿಯವರಿಗೆ ಈ ಲೆಕ್ಕ ಗೊತ್ತು. ಜಾತ್ರೆಯ ಗಳಿಕೆಯನ್ನು ನೆಚ್ಚಿ ವರ್ಷ ಕಳೆಯಲಾಗದು.

ಕಂಪನಿ ಹೋದರೂ ಆಟಗಾರರು ಉಳಿದರಲ್ಲ, ಅವರು ಹೋದದ್ದೆಲ್ಲಿಗೆ? ಬಾಲಿವುಡ್ ಬಾಯ್ಸ್ 2017ರಲ್ಲಿ ಡಬ್ಲ್ಯುಡಬ್ಲ್ಯುಇಯಲ್ಲಿ ‘ಸಿಂಗ್ ಬ್ರದರ್ಸ್’ ಆಗಿ, ಮೇ ತಿಂಗಳಲ್ಲಿ ಚಾಂಪಿಯನ್ ಆದ ಜಿಂದರ್ ಮಹಲ್‌ನ ಹಿಂದೆ ಛತ್ರಿ ಹಿಡಿಯುವವರಂತೆ ನಿಂತರು. ಅಮನ್‌ಪ್ರೀತ್ ಟಿಎನ್‌ಎಗೆ ಹೋಗಿ, ಕೆಲಕಾಲ ದೊಡ್ಡ ಕಂಪನಿಯ ತರಬೇತಿ ಬಣಕ್ಕೂ ಹೋಗಿ, ಮತ್ತೆ ಹಳೆಯ ಮೇಳಕ್ಕೇ ಮರಳಿದ. ಸಣ್ಣವನು ಹುಡುಕುತ್ತಾನೆ, ತಿದ್ದುತ್ತಾನೆ; ದೊಡ್ಡವನು ಕರೆಯುತ್ತಾನೆ. ನಮ್ಮ ಸೀಮೆಯ ಯಾವ ಭಾಗವತರನ್ನು ಕೇಳಿದರೂ ಇದನ್ನೇ ಹೇಳಿಯಾರು.

ಟಿಎನ್‌ಎ ಮಾತ್ರ ಸಾಯಲಿಲ್ಲ. 2017ರಲ್ಲಿ ಕೆನಡಾದವರ ಕೈಸೇರಿ ಹೆಸರು ಬದಲಿಸಿಕೊಂಡಿತು, 2024ರಲ್ಲಿ ಹಳೆಯ ಹೆಸರಿಗೇ ಮರಳಿತು. 2019ರಲ್ಲಿ ಎಇಡಬ್ಲ್ಯು ಎಂಬ ಹೊಸ ಮೇಳ ಎದ್ದಿತು. ಅದನ್ನು ಕಟ್ಟಿದವನು ಟೋನಿ ಖಾನ್, ಪಾಕಿಸ್ತಾನದಿಂದ ಅಮೆರಿಕಕ್ಕೆ ವಲಸೆ ಹೋಗಿ ಶ್ರೀಮಂತನಾದ ಶಾಹಿದ್ ಖಾನ್‌ನ ಮಗ. ಗಾಮಾ ತೀರಿಕೊಂಡ ಲಾಹೋರಿನಲ್ಲೇ ಹುಟ್ಟಿದವನು ಈ ಶಾಹಿದ್. ಇತ್ತ 2025ರ ಜನವರಿಯಲ್ಲಿ ಟಿಎನ್‌ಎಯೂ ಡಬ್ಲ್ಯುಡಬ್ಲ್ಯುಇಯೂ ಹಲವು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಯ ಆಟಗಾರ ಇಲ್ಲಿ, ಇಲ್ಲಿಯವ ಅಲ್ಲಿ. ಇಪ್ಪತ್ತಮೂರು ವರ್ಷಗಳ ಹಿಂದೆ ದೊಡ್ಡ ಮೇಳಕ್ಕೆ ಎದುರಾಗಿ ಕಂಬ ನೆಟ್ಟ ಕಂಪನಿ ಈಗ ಅದರದೇ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದೆ.